ಗಂಟೆಯಾಕಾರದ ರೇಖೆಯೂ ಮೌಲ್ಯಮಾಪಕನ ಕೈಯೂ

ಉತ್ತರಪತ್ರಿಕೆಗಳ ಮೌಲ್ಯಮಾಪನದಲ್ಲಿ ಹಲವು ಬೇಸಿಗೆಗಳನ್ನು ಕಳೆದವನು ನಾನು. 33 ಅಂಕ ಬಂದ ಪತ್ರಿಕೆಯನ್ನು ಹಿಡಿದು, ಅದನ್ನು 35ಕ್ಕೆ ಏರಿಸಲೇ ಬೇಡವೇ ಎಂದು ತೂಗಿದ ಗಳಿಗೆಗಳು ಇಂದಿಗೂ ಮನಸ್ಸಿನಲ್ಲಿವೆ. ವಿಶ್ವವಿದ್ಯಾನಿಲಯಗಳು ಅಂಕಗಳನ್ನು ಗಂಟೆಯಾಕಾರದ ರೇಖೆಗೆ, ಅಂದರೆ ‘ಬೆಲ್ ಕರ್ವ್’ಗೆ, ಹೊಂದಿಸುತ್ತವೆಯೇ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ಪತ್ರಿಕೆಗಳೇ.

ಈ ರೇಖೆ ಹುಟ್ಟಿದ್ದು ತರಗತಿಯಲ್ಲಲ್ಲ. 1809ರಲ್ಲಿ ಗಣಿತಜ್ಞ ಗಾಸ್ ಅದನ್ನು ಖಗೋಳ ವೀಕ್ಷಣೆಯಲ್ಲಿ ನುಸುಳುವ ದೋಷಗಳ ಲೆಕ್ಕಕ್ಕೆ ಬಳಸಿದನು. 1869ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಅದನ್ನು ಮನುಷ್ಯರ ಪ್ರತಿಭೆಗೆ ಅನ್ವಯಿಸಿದನು. ದೋಷವನ್ನು ಅಳೆಯಲು ಬಂದ ರೇಖೆ ಹೀಗೆ ಬುದ್ಧಿಯನ್ನು ಅಳೆಯತೊಡಗಿತು.

ಎಡ್ಜ್‌ವರ್ತ್ ಎಂಬ ಅರ್ಥಶಾಸ್ತ್ರಜ್ಞ ಮಾತ್ರ 1888 ಮತ್ತು 1890ರ ತನ್ನ ಪ್ರಬಂಧಗಳಲ್ಲಿ ರೇಖೆಯನ್ನು ಪರೀಕ್ಷಕರ ಕಡೆಗೇ ತಿರುಗಿಸಿದನು. ಒಂದೇ ಲ್ಯಾಟಿನ್ ಗದ್ಯರಚನೆಗೆ 28 ಮಂದಿ ಪರೀಕ್ಷಕರು ಕೊಟ್ಟ ಅಂಕಗಳು 45ರಿಂದ 100ರವರೆಗೆ ಹರಡಿದ್ದವು! ಗೆರೆಯ ಅಂಚಿನಲ್ಲಿರುವ ಅಭ್ಯರ್ಥಿಯ ಭವಿಷ್ಯದಲ್ಲಿ ಅದೃಷ್ಟದ ಪಾಲು ದೊಡ್ಡದೆಂದು ಅವನು ತೋರಿಸಿದನು.

ರೇಖೆಯನ್ನೇ ನಿಯಮವಾಗಿಸಬೇಕೆಂಬ ವಾದ ಬಂದದ್ದು ಅಮೆರಿಕದಿಂದ. ಮಿಸೌರಿ ವಿಶ್ವವಿದ್ಯಾನಿಲಯದ ಮ್ಯಾಕ್ಸ್ ಮೇಯರ್ ತನ್ನ ಸಹೋದ್ಯೋಗಿಗಳ ಶ್ರೇಣಿಗಳನ್ನು ಪರಿಶೀಲಿಸಿದಾಗ, ತತ್ತ್ವಶಾಸ್ತ್ರದಲ್ಲಿ ಶೇಕಡಾ 55ರಷ್ಟು ವಿದ್ಯಾರ್ಥಿಗಳಿಗೆ ಸಿಕ್ಕ ಅತ್ಯುಚ್ಚ ಶ್ರೇಣಿ ಒಂದು ರಸಾಯನಶಾಸ್ತ್ರದ ತರಗತಿಯಲ್ಲಿ ಶೇಕಡಾ 1ಕ್ಕೆ ಮಾತ್ರ ಸಿಕ್ಕಿತ್ತು. 1908ರಲ್ಲಿ ಆತ ಸೂಚಿಸಿದ ಪರಿಹಾರವೆಂದರೆ ಶೇಕಡಾ 3, 22, 50, 22, 3 ಎಂಬ ಐದು ಪಾಲುಗಳು. ಕೊನೆಯ 3 ಅನುತ್ತೀರ್ಣರಿಗೆ.

ಉದ್ದೇಶವೇನೋ ಒಳ್ಳೆಯದೇ; ಅಧ್ಯಾಪಕನ ಇಷ್ಟಾನಿಷ್ಟಕ್ಕೆ ಅದು ಕಡಿವಾಣ ಹಾಕುತ್ತದೆ. ಆದರೆ ಸಾವಿರಾರು ಜನರಲ್ಲಿ ಕಾಣುವ ಆಕಾರವನ್ನು, ಆಯ್ದು ತೆಗೆದ ಮೂವತ್ತು ಮಕ್ಕಳ ಮೇಲೆ ಹೊರಿಸುವುದು ಯಾವ ನ್ಯಾಯ? ಎಲ್ಲರೂ ಚೆನ್ನಾಗಿ ಕಲಿತರೂ ಯಾರೋ ಒಬ್ಬನು ಸೋಲಲೇಬೇಕು. ಆಗ ಪಕ್ಕದವನ ಗೆಲುವೇ ನನ್ನ ನಷ್ಟ.

ಹಾಗಾದರೆ ಇಂದಿನ ಸ್ಥಿತಿ ಏನು? ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ಆಯ್ಕೆ ಆಧಾರಿತ ಪದ್ಧತಿಯ ಮಾರ್ಗಸೂಚಿಯೇ ಎರಡು ಬಗೆಗಳನ್ನು ಹೆಸರಿಸಿದೆ: ಸಹಪಾಠಿಗಳ ಅಂಕಗಳ ಹರವನ್ನು ಆಧರಿಸಿದ ಸಾಪೇಕ್ಷ ಶ್ರೇಣಿ, ಮತ್ತು ಮೊದಲೇ ಗೊತ್ತುಪಡಿಸಿದ ಅಂಕಗಳ ನಿರಪೇಕ್ಷ ಶ್ರೇಣಿ. ನಮ್ಮ ಹಲವು ವಿಶ್ವವಿದ್ಯಾನಿಲಯಗಳಿಗೆ ಒಗ್ಗಿರುವುದು ಎರಡನೆಯದು; ಮೊದಲನೆಯದು ಕೆಲವು ತಾಂತ್ರಿಕ ಸಂಸ್ಥೆಗಳಲ್ಲಿ ಕಾಣುತ್ತದೆ.

ಗೆರೆಯನ್ನು ಎಲ್ಲಿ ಎಳೆದರೂ ಅದರ ಅಂಚಿನಲ್ಲಿ ಒಬ್ಬ ವಿದ್ಯಾರ್ಥಿ ನಿಂತಿರುತ್ತಾನೆ. ಅವನಿಗೆ ಬೇಕಾದದ್ದು ರೇಖೆಯಲ್ಲ, ಇನ್ನೊಬ್ಬ ಪರೀಕ್ಷಕನ ಕಣ್ಣು. ನಾನು ತೂಗಿದ ಆ ಪತ್ರಿಕೆಗಳಲ್ಲಿ ಕೆಲವನ್ನು ಏರಿಸಿದೆ, ಕೆಲವನ್ನು ಏರಿಸಲಿಲ್ಲ. ಅಂದು ಪಕ್ಕದ ಮೇಜಿನವರಿಗೆ ಒಮ್ಮೆ ತೋರಿಸಿದ್ದರೆ ಎಂದು ಇಂದು ಅನ್ನಿಸುತ್ತದೆ.