ಮೋಟಾರು ಸೈಕಲ್ ಇಂಜಿನ್ ಆಯಿಲ್: ಸರಿಯಾದ ವಿಧ ಮತ್ತು ಸರಿಯಾದ ಮಟ್ಟ

1. ಪೀಠಿಕೆ

ಮೋಟಾರು ಸೈಕಲ್ಲಿನ ಸರ್ವೀಸ್ ಕೆಲಸಗಳಲ್ಲಿ ಇಂಜಿನ್ ಆಯಿಲ್ ಬದಲಾವಣೆಯು ಅತ್ಯಂತ ಸರಳವೆಂದು ಭಾವಿಸಲಾಗುತ್ತದೆ. ಆದರೆ ಆಯಿಲಿನ ವಿಧವನ್ನು ಬೆಲೆ ಅಥವಾ ಬಣ್ಣ ನೋಡಿ ಆರಿಸುವುದು, ಪ್ರಮಾಣವನ್ನು ಡಬ್ಬಿಯ ಗಾತ್ರದ ಮೇಲೆ ನಿರ್ಧರಿಸುವುದು ಸಾಮಾನ್ಯವಾಗಿ ಕಂಡುಬರುವ ತಪ್ಪುಗಳಾಗಿವೆ. ಆಯಿಲಿನ ವಿಧವನ್ನು ಆಯಾ ವಾಹನದ ಮಾಲೀಕರ ಕೈಪಿಡಿಯಿಂದಲೂ, ಅದರ ಮಟ್ಟವನ್ನು ಇಂಜಿನ್ನಿನಲ್ಲಿರುವ ಗುರುತಿನಿಂದಲೂ ನಿರ್ಧರಿಸತಕ್ಕದ್ದು. ಈ ಬಗ್ಗೆ ವಾಹನ ಮಾಲೀಕರು ತಿಳಿದಿರಬೇಕಾದ ಮುಖ್ಯ ಅಂಶಗಳನ್ನು ಈ ಕೆಳಗೆ ನೀಡಲಾಗಿದೆ.

2. ಇಂಜಿನ್ ಆಯಿಲಿನ ಕಾರ್ಯ

ನಾಲ್ಕು ಸ್ಟ್ರೋಕಿನ ಬಹುತೇಕ ಮೋಟಾರು ಸೈಕಲ್ಲುಗಳಲ್ಲಿ ಇಂಜಿನ್, ಗೇರ್ ಬಾಕ್ಸ್ ಹಾಗೂ ಕ್ಲಚ್ ಈ ಮೂರಕ್ಕೂ ಒಂದೇ ಆಯಿಲ್ ಬಳಕೆಯಾಗುತ್ತದೆ. ಈ ಆಯಿಲ್ ಪಿಸ್ಟನ್ ಮತ್ತು ಸಿಲಿಂಡರ್ ನಡುವಣ ಘರ್ಷಣೆಯನ್ನು ತಗ್ಗಿಸುತ್ತದೆ, ಶಾಖವನ್ನು ಹೊರಸಾಗಿಸುತ್ತದೆ, ಲೋಹದ ಸೂಕ್ಷ್ಮ ಕಣಗಳನ್ನೂ ಮಸಿಯನ್ನೂ ತನ್ನೊಡನೆ ಒಯ್ಯುತ್ತದೆ. ಕ್ಲಚ್ ಪ್ಲೇಟುಗಳು ಇದೇ ಆಯಿಲಿನಲ್ಲಿ ನೆನೆದು ಕೆಲಸ ಮಾಡುತ್ತವೆ. ಕಾರಿನ ಆಯಿಲನ್ನು ಮೋಟಾರು ಸೈಕಲ್ಲಿಗೆ ಬಳಸಬಾರದೆನ್ನುವುದಕ್ಕೆ ಇದೇ ಮುಖ್ಯ ಕಾರಣ.

3. ಆಯಿಲಿನ ವಿಧವನ್ನು ಗುರುತಿಸುವುದು

ಡಬ್ಬಿಯ ಮೇಲೆ ಮುದ್ರಿತವಾಗಿರುವ ಮೂರು ಗುರುತುಗಳನ್ನು ಕೈಪಿಡಿಯೊಡನೆ ಹೋಲಿಸಿ ನೋಡತಕ್ಕದ್ದು.

(ಅ) ಎಸ್.ಎ.ಇ. ಶ್ರೇಣಿ: ಇದು ಆಯಿಲಿನ ಸ್ನಿಗ್ಧತೆಯನ್ನು, ಅಂದರೆ ಗಟ್ಟಿತನವನ್ನು ಸೂಚಿಸುತ್ತದೆ. 10ಡಬ್ಲ್ಯೂ-30 ಎಂಬಲ್ಲಿ ಮೊದಲ ಸಂಖ್ಯೆಯು ಚಳಿಯಲ್ಲಿ ಆಯಿಲ್ ಹರಿಯುವ ಗುಣವನ್ನೂ, ಎರಡನೆಯ ಸಂಖ್ಯೆಯು ಇಂಜಿನ್ ಬಿಸಿಯಾದಾಗ ಉಳಿಯುವ ಗಟ್ಟಿತನವನ್ನೂ ತಿಳಿಸುತ್ತದೆ. ಹೀರೋ ಸ್ಪ್ಲೆಂಡರ್ ವಾಹನಕ್ಕೆ 10ಡಬ್ಲ್ಯೂ-30, ಬಜಾಜ್ ಪಲ್ಸರ್ ಶ್ರೇಣಿಯ ಹಲವು ಮಾದರಿಗಳಿಗೆ 20ಡಬ್ಲ್ಯೂ-50, ರಾಯಲ್ ಎನ್‌ಫೀಲ್ಡ್‌ನ ಹಲವು 350 ಸಿ.ಸಿ. ಮಾದರಿಗಳಿಗೆ 15ಡಬ್ಲ್ಯೂ-50 ಸೂಚಿಸಲಾಗಿದೆ. ಆದುದರಿಂದ "ಗಟ್ಟಿ ಆಯಿಲ್ ಒಳ್ಳೆಯದು" ಎಂಬ ಮಾತು ಎಲ್ಲ ವಾಹನಗಳಿಗೂ ಅನ್ವಯಿಸುವುದಿಲ್ಲ.

(ಆ) ಎ.ಪಿ.ಐ. ದರ್ಜೆ: ಪೆಟ್ರೋಲ್ ಇಂಜಿನ್ನಿನ ಆಯಿಲ್ ಗುಣಮಟ್ಟವನ್ನು ಎಸ್.ಜೆ., ಎಸ್.ಎಲ್., ಎಸ್.ಎನ್. ಮುಂತಾಗಿ ಸೂಚಿಸಲಾಗುತ್ತದೆ. ಎರಡನೆಯ ಅಕ್ಷರವು ಆಂಗ್ಲ ವರ್ಣಮಾಲೆಯಲ್ಲಿ ಮುಂದೆ ಹೋದಷ್ಟೂ ದರ್ಜೆಯು ಹೊಸದು.

(ಇ) ಜಾಸೊ ದರ್ಜೆ: ಇದು ಜಪಾನ್ ದೇಶದ ವಾಹನ ಮಾನಕ ಸಂಸ್ಥೆಯ ದರ್ಜೆ. ಆಯಿಲಿನಲ್ಲಿ ನೆನೆಯುವ ಕ್ಲಚ್ ಇರುವ ವಾಹನಗಳಿಗೆ ಎಂ.ಎ., ಎಂ.ಎ.1 ಅಥವಾ ಎಂ.ಎ.2 ದರ್ಜೆ ಅಗತ್ಯ. ಗೇರ್ ಇಲ್ಲದ ಸ್ಕೂಟರುಗಳಲ್ಲಿ ಕ್ಲಚ್ ಒಣಗಿದ್ದು ಪ್ರತ್ಯೇಕವಾಗಿರುವುದರಿಂದ ಅವುಗಳಿಗೆ ಎಂ.ಬಿ. ದರ್ಜೆಯ ಆಯಿಲ್ ಬಳಸಬಹುದು. ಎಂ.ಬಿ. ದರ್ಜೆಯ ಆಯಿಲನ್ನಾಗಲಿ, ಇಂಧನ ಉಳಿತಾಯಕ್ಕಾಗಿ ಘರ್ಷಣೆ ತಗ್ಗಿಸುವ ರಾಸಾಯನಿಕ ಸೇರಿಸಿದ ಕಾರಿನ ಆಯಿಲನ್ನಾಗಲಿ ಮೋಟಾರು ಸೈಕಲ್ಲಿಗೆ ಹಾಕಿದಲ್ಲಿ ಕ್ಲಚ್ ಪ್ಲೇಟುಗಳು ಜಾರುವ ಸಂಭವವಿರುತ್ತದೆ. ಆಗ ಆಕ್ಸಿಲರೇಟರ್ ತಿರುಗಿಸಿದರೆ ಇಂಜಿನ್ ಸದ್ದು ಏರುತ್ತದೆಯೇ ಹೊರತು ವಾಹನದ ವೇಗ ಏರುವುದಿಲ್ಲ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಹಳೆಯ ಜಾವಾ, ಯೆಜ್ಡಿಯಂತಹ ಎರಡು ಸ್ಟ್ರೋಕಿನ ವಾಹನಗಳ ವ್ಯವಸ್ಥೆ ಬೇರೆ. ಇವುಗಳಲ್ಲಿ ಪೆಟ್ರೋಲಿಗೆ ಬೆರೆಸುವ 2ಟಿ ಆಯಿಲ್ ಒಂದು, ಗೇರ್ ಬಾಕ್ಸಿಗೆ ಹಾಕುವ ಆಯಿಲ್ ಮತ್ತೊಂದು. ಒಂದರ ಬದಲು ಇನ್ನೊಂದನ್ನು ಬಳಸತಕ್ಕದ್ದಲ್ಲ.

4. ಪ್ರಮಾಣವನ್ನು ತಿಳಿಯುವುದು

ಕೈಪಿಡಿಯಲ್ಲಿ ಸಾಮಾನ್ಯವಾಗಿ ಎರಡು ಪ್ರಮಾಣಗಳನ್ನು ನೀಡಲಾಗಿರುತ್ತದೆ. ಒಂದು, ಇಂಜಿನ್ ಪೂರ್ತಿ ಬಿಚ್ಚಿ ಜೋಡಿಸಿದಾಗ ಬೇಕಾಗುವ ಪ್ರಮಾಣ. ಇನ್ನೊಂದು, ಕೇವಲ ಆಯಿಲ್ ಬದಲಾಯಿಸುವಾಗ ಬೇಕಾಗುವ ಪ್ರಮಾಣ. ಆಯಿಲ್ ಬಸಿದ ನಂತರವೂ ಸ್ವಲ್ಪ ಭಾಗ ಒಳಗೇ ಉಳಿಯುವುದರಿಂದ ಎರಡನೆಯ ಪ್ರಮಾಣವು ಕಡಿಮೆ ಇರುತ್ತದೆ. ಸರ್ವೀಸ್ ಮಾಡುವಾಗ ಇದನ್ನೇ ಅನುಸರಿಸತಕ್ಕದ್ದು.

ಉದಾಹರಣೆಗೆ, ಬದಲಾವಣೆಗೆ 800 ಮಿ.ಲೀ. ಸಾಕಾಗುವ ವಾಹನಕ್ಕೆ ಒಂದು ಲೀಟರ್ ಡಬ್ಬಿಯನ್ನು ಪೂರ್ತಿ ಸುರಿದಲ್ಲಿ ಅಗತ್ಯಕ್ಕಿಂತ ನಾಲ್ಕನೇ ಒಂದು ಭಾಗ ಅಧಿಕವಾಗುತ್ತದೆ. 1.2 ಲೀಟರ್ ಬೇಕಾದ ವಾಹನಕ್ಕೆ ಅದೇ ಡಬ್ಬಿ ಹಾಕಿದಲ್ಲಿ 200 ಮಿ.ಲೀ. ಕೊರತೆಯಾಗುತ್ತದೆ. ಎರಡೂ ಹಾನಿಕರ.

5. ಮಟ್ಟ ತಪ್ಪಿದಲ್ಲಿ ಆಗುವ ಹಾನಿ

ಮಟ್ಟ ಕಡಿಮೆಯಾದಲ್ಲಿ ಆಯಿಲ್ ಪಂಪ್ ಗಾಳಿಯನ್ನು ಎಳೆಯುತ್ತದೆ. ಕ್ಯಾಮ್, ಪಿಸ್ಟನ್ ಮುಂತಾದ ಭಾಗಗಳು ಒಣಗಿ ಸವೆಯುತ್ತವೆ. ಕೊನೆಗೆ ಪಿಸ್ಟನ್ ಸಿಲಿಂಡರಿನೊಳಗೆ ಬಿಗಿದುಕೊಂಡು ಇಂಜಿನ್ ಸೀಜ್ ಆಗುತ್ತದೆ. ಓಡುತ್ತಿರುವಾಗ ಹೀಗಾದಲ್ಲಿ ಹಿಂಬದಿ ಚಕ್ರ ತಿರುಗದೆ ನಿಂತು, ಸವಾರ ಹಾಗೂ ಹಿಂಬದಿ ಸವಾರ ಬೀಳುವ ಅಪಾಯವಿದೆ. ಅಂತಹ ಸಂದರ್ಭದಲ್ಲಿ ಕೂಡಲೇ ಕ್ಲಚ್ ಹಿಡಿದು ವಾಹನವನ್ನು ರಸ್ತೆಯ ಬದಿಗೆ ತರತಕ್ಕದ್ದು. ಆಯಿಲ್ ಕಡಿಮೆಯಾದುದನ್ನು ತಿಳಿಸುವ ದೀಪ ಅನೇಕ ಮೋಟಾರು ಸೈಕಲ್ಲುಗಳಲ್ಲಿ ಇರುವುದಿಲ್ಲವೆಂಬುದನ್ನು ಗಮನಿಸುವುದು.

ಮಟ್ಟ ಅಧಿಕವಾದಲ್ಲಿ ಕ್ರ್ಯಾಂಕ್ ಆಯಿಲನ್ನು ಕಡೆದು ನೊರೆಯೇಳಿಸುತ್ತದೆ. ನೊರೆಯಾದ ಆಯಿಲ್ ಸರಿಯಾಗಿ ಕೀಲೆಣ್ಣೆಯ ಕೆಲಸ ಮಾಡುವುದಿಲ್ಲ. ಆಯಿಲ್ ಏರ್ ಫಿಲ್ಟರಿಗೆ ಸೇರುವುದು, ಸೀಲುಗಳು ಸೋರುವುದು, ಹೊಗೆ ಬರುವುದು ಇದರ ಇತರ ಪರಿಣಾಮಗಳು. ಸೋರಿದ ಆಯಿಲ್ ಹಿಂಬದಿ ಟೈರಿಗೆ ತಗುಲಿದಲ್ಲಿ ವಾಹನ ಜಾರುತ್ತದೆ.

6. ಮಟ್ಟ ಪರೀಕ್ಷಿಸುವ ಕ್ರಮ

(1) ವಾಹನವನ್ನು ಸಮತಟ್ಟಾದ ನೆಲದ ಮೇಲೆ ಸೆಂಟರ್ ಸ್ಟ್ಯಾಂಡ್ ಹಾಕಿ ನಿಲ್ಲಿಸುವುದು. ಸೆಂಟರ್ ಸ್ಟ್ಯಾಂಡ್ ಇಲ್ಲದಿದ್ದಲ್ಲಿ ಇನ್ನೊಬ್ಬರ ಸಹಾಯದಿಂದ ನೇರವಾಗಿ ಹಿಡಿಯುವುದು. ಸೈಡ್ ಸ್ಟ್ಯಾಂಡ್ ಮೇಲೆ ವಾಹನ ವಾಲಿರುವುದರಿಂದ ಮಟ್ಟ ತಪ್ಪಾಗಿ ಕಾಣುತ್ತದೆ.
(2) ಇಂಜಿನ್ನನ್ನು ಮೂರರಿಂದ ಐದು ನಿಮಿಷ ನಿಧಾನಗತಿಯಲ್ಲಿ ಓಡಿಸಿ ನಿಲ್ಲಿಸುವುದು. ಮೇಲಿನ ಭಾಗದಲ್ಲಿರುವ ಆಯಿಲ್ ಕೆಳಗಿಳಿಯಲು ಎರಡು ಮೂರು ನಿಮಿಷ ಕಾಯುವುದು.
(3) ಡಿಪ್ ಸ್ಟಿಕ್ ತೆಗೆದು ಶುಭ್ರವಾದ ಬಟ್ಟೆಯಿಂದ ಒರೆಸಿ, ಮತ್ತೆ ಒಳಗಿಟ್ಟು ತೆಗೆದು ನೋಡುವುದು. ಹಲವು ಮಾದರಿಗಳಲ್ಲಿ ಅದನ್ನು ತಿರುಗಿಸಿ ಬಿಗಿಯದೆ ಕೇವಲ ಒಳಗಿಟ್ಟು ನೋಡಬೇಕಾಗುತ್ತದೆ. ಅಂತಹ ವಾಹನದಲ್ಲಿ ಬಿಗಿದು ನೋಡಿದರೆ ಕಡ್ಡಿ ಆಳಕ್ಕೆ ಇಳಿದು, ಇಲ್ಲದ ಆಯಿಲ್ ಇರುವಂತೆ ತೋರುತ್ತದೆ. ಆದ್ದರಿಂದ ತಮ್ಮ ವಾಹನದ ಕ್ರಮವನ್ನು ಕೈಪಿಡಿಯಲ್ಲಿ ಖಚಿತಪಡಿಸಿಕೊಳ್ಳುವುದು.
(4) ಮಟ್ಟವು ಮೇಲಿನ ಮತ್ತು ಕೆಳಗಿನ ಗುರುತುಗಳ ನಡುವೆ ಇರತಕ್ಕದ್ದು. ಡಿಪ್ ಸ್ಟಿಕ್ ಬದಲು ಗಾಜಿನ ಕಿಂಡಿ ಇರುವ ವಾಹನಗಳಿಗೂ ಇದೇ ನಿಯಮ.

7. ಬದಲಾವಣೆಯ ಕ್ರಮ

ಇಂಜಿನ್ ಬೆಚ್ಚಗಿರುವಾಗ ಹಳೆಯ ಆಯಿಲನ್ನು ಪೂರ್ತಿ ಬಸಿಯುವುದು. ಫಿಲ್ಟರ್ ಅಥವಾ ಜಾಲರಿಯನ್ನು ಕೈಪಿಡಿಯ ಪ್ರಕಾರ ಬದಲಾಯಿಸುವುದು ಅಥವಾ ಶುಚಿಗೊಳಿಸುವುದು. ಡ್ರೈನ್ ಬೋಲ್ಟಿನ ವಾಷರ್ ಸವೆದಿದ್ದಲ್ಲಿ ಹೊಸದನ್ನು ಹಾಕುವುದು. ಬೋಲ್ಟನ್ನು ಅತಿಯಾಗಿ ಬಿಗಿದಲ್ಲಿ ಇಂಜಿನ್ನಿನ ಅಲ್ಯೂಮಿನಿಯಂ ಮರೆ ಹಾಳಾಗುತ್ತದೆ. ಹೊಸ ಆಯಿಲನ್ನು ಸೂಚಿತ ಪ್ರಮಾಣಕ್ಕಿಂತ ತುಸು ಕಡಿಮೆ ಹಾಕಿ, ಮೇಲಿನ ಕ್ರಮದಂತೆ ಪರೀಕ್ಷಿಸಿ, ನಂತರ ಉಳಿದುದನ್ನು ಸ್ವಲ್ಪಸ್ವಲ್ಪವಾಗಿ ಸೇರಿಸುವುದು.

ಆಯಿಲ್ ಕಪ್ಪಾದ ಮಾತ್ರಕ್ಕೆ ಕೆಟ್ಟಿದೆಯೆಂದು ಅರ್ಥವಲ್ಲ. ಕೈಪಿಡಿಯಲ್ಲಿನ ಕಿಲೋಮೀಟರ್ ಅಥವಾ ಅವಧಿ, ಯಾವುದು ಮೊದಲೋ ಅದರಂತೆ ಬದಲಾಯಿಸುವುದು. ಆದರೆ ಆಯಿಲ್ ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದಲ್ಲಿ ನೀರು ಸೇರಿರುವ ಸೂಚನೆ. ಮಳೆಗಾಲದಲ್ಲಿ ನೆರೆ ನೀರಿನಲ್ಲಿ ಮುಳುಗಿದ ವಾಹನವನ್ನು ಸ್ಟಾರ್ಟ್ ಮಾಡದೆ ಮೆಕ್ಯಾನಿಕ್ ಬಳಿ ಕೊಂಡೊಯ್ಯತಕ್ಕದ್ದು.

8. ಗ್ಯಾರೇಜಿನಲ್ಲಿ ಗಮನಿಸಬೇಕಾದ ಅಂಶಗಳು

ಆಯಿಲ್ ಡಬ್ಬಿಯ ಸೀಲನ್ನು ತಮ್ಮ ಎದುರಿನಲ್ಲೇ ತೆರೆಯುವಂತೆ ಕೇಳುವುದು. ಬಿಲ್ಲಿನಲ್ಲಿ ಆಯಿಲಿನ ಶ್ರೇಣಿ ಮತ್ತು ಪ್ರಮಾಣವನ್ನು ನಮೂದಿಸಿಕೊಳ್ಳುವುದು. ಉಳಿದ ಆಯಿಲನ್ನು ಪಡೆದುಕೊಳ್ಳುವುದು. ಮುಂದೆ ಮಟ್ಟ ಇಳಿದಾಗ ಇದು ಉಪಯೋಗಕ್ಕೆ ಬರುತ್ತದೆ. ನಕಲಿ ಆಯಿಲ್ ತುಂಬಲು ಬಳಕೆಯಾಗದಂತೆ ಖಾಲಿ ಡಬ್ಬಿಗೆ ರಂಧ್ರ ಮಾಡುವುದು ಸೂಕ್ತ. ತಪ್ಪು ಸರ್ವೀಸಿನಿಂದ ಹಾನಿಯಾದಲ್ಲಿ ಗ್ರಾಹಕರ ಸಂರಕ್ಷಣಾ ಅಧಿನಿಯಮ, 2019ರ ಅನ್ವಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸಬಹುದು. ಇದಕ್ಕೆ ಬಿಲ್ಲು ಮುಖ್ಯ ಆಧಾರವಾಗುತ್ತದೆ.

9. ಬಳಸಿದ ಆಯಿಲಿನ ವಿಲೇವಾರಿ

ಬಳಸಿದ ಆಯಿಲ್, ಅಪಾಯಕಾರಿ ತ್ಯಾಜ್ಯಗಳ ಬಗೆಗಿನ 2016ರ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಇದನ್ನು ಚರಂಡಿಗೆ, ಕೆರೆಗೆ, ಮಣ್ಣಿಗೆ ಸುರಿಯಬಾರದು, ಸುಡಬಾರದು. ಗೆದ್ದಲು ಬಾರದಂತೆ ಮರಮುಟ್ಟುಗಳಿಗೆ ಬಳಿಯುವ ರೂಢಿಯನ್ನೂ ಕೈಬಿಡುವುದು ಒಳಿತು. ಮನೆಯಲ್ಲಿ ಆಯಿಲ್ ಬದಲಾಯಿಸುವವರು ಹಳೆಯ ಆಯಿಲನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಸಂಗ್ರಹಿಸಿ, ಅಧಿಕೃತ ಮರುಬಳಕೆದಾರರಿಗೆ ತಲುಪಿಸುವ ಸರ್ವೀಸ್ ಕೇಂದ್ರಕ್ಕೆ ನೀಡತಕ್ಕದ್ದು. ಕೈಗೆ ತಗುಲಿದ ಆಯಿಲನ್ನು ಪೆಟ್ರೋಲಿನಿಂದ ತೊಳೆಯದೆ ಸಾಬೂನಿನಿಂದ ತೊಳೆಯುವುದು.

10. ವಾಹನ ಮಾಲೀಕರಲ್ಲಿ ಮನವಿ

ದಿನಗೂಲಿಗೆ ತೆರಳುವವರಿಗೆ, ಹಾಲು ಪತ್ರಿಕೆ ಹಂಚುವವರಿಗೆ ಮೋಟಾರು ಸೈಕಲ್ಲು ಜೀವನೋಪಾಯದ ಸಾಧನ. ಸೀಜ್ ಆದ ಇಂಜಿನ್ನಿನ ದುರಸ್ತಿ ವೆಚ್ಚವು ಹಲವು ಬಾರಿಯ ಆಯಿಲ್ ಬದಲಾವಣೆಯ ವೆಚ್ಚಕ್ಕಿಂತ ಹೆಚ್ಚು. ದುರಸ್ತಿಯಾಗುವವರೆಗಿನ ದುಡಿಮೆಯೂ ನಷ್ಟವಾಗುತ್ತದೆ. ವಾರಕ್ಕೊಮ್ಮೆ ಹಾಗೂ ದೂರ ಪ್ರಯಾಣಕ್ಕೆ ಮುನ್ನ ಆಯಿಲ್ ಮಟ್ಟ ಪರೀಕ್ಷಿಸಲು ಕೆಲವೇ ನಿಮಿಷಗಳು ಸಾಕು. ಸಾರ್ವಜನಿಕರು ಇದನ್ನು ರೂಢಿಸಿಕೊಳ್ಳಬೇಕೆಂದು ಕೋರಲಾಗಿದೆ.

ಸೂಚನೆ: ಮೇಲ್ಕಂಡ ಮಾಹಿತಿಯು ಸಾಮಾನ್ಯ ತಿಳುವಳಿಕೆಗಾಗಿ ಮಾತ್ರ. ಈ ಮಾಹಿತಿಗೂ ವಾಹನದ ಕೈಪಿಡಿಗೂ ವ್ಯತ್ಯಾಸ ಕಂಡುಬಂದಲ್ಲಿ ಕೈಪಿಡಿಯನ್ನೇ ಅನುಸರಿಸತಕ್ಕದ್ದು. ವಾಹನಗಳ ಹೆಸರನ್ನು ಉದಾಹರಣೆಗಾಗಿ ನೀಡಲಾಗಿದ್ದು, ಯಾವುದೇ ಉತ್ಪನ್ನದ ಶಿಫಾರಸು ಆಗಿರುವುದಿಲ್ಲ.