ಜಿನುಗುವ ನೀರಿನ ಬಣ್ಣ

ನಮ್ಮ ತಾತ ಕೊಟ್ಟೂರು ಸೀಮೆಯ ಹಳ್ಳಿಯೊಂದರಲ್ಲಿ ನೀರಗಂಟಿ. ಉತ್ತರೆ ಮಳೆ ರಾತ್ರಿಯಿಡೀ ಹಿಡಿದರೆ ಗೋಣಿಕೊಪ್ಪೆ ಹಾಕಿಕೊಂಡು, ಲಾಟೀನು ಹಿಡಿದು ಕೆರೆ ಏರಿಗೆ ಹೊರಡುತ್ತಿದ್ದ. ಮೊದಲು ನೋಡುತ್ತಿದ್ದುದು ಕೆರೆಯನ್ನಲ್ಲ, ಏರಿಯ ಹಿಂಬದಿಯ ಬುಡವನ್ನು. ಅಲ್ಲಿ ಜಿನುಗುವ ನೀರನ್ನು ಬೊಗಸೆಯಲ್ಲಿ ಹಿಡಿದು ಲಾಟೀನಿನ ಬೆಳಕಿಗೆ ಒಡ್ಡುತ್ತಿದ್ದ. ತಿಳಿಯಾಗಿದ್ದರೆ ಭಯವಿಲ್ಲ. ಕದಡಿ ಕೆಂಪಗಿದ್ದರೆ ಏರಿಯ ಮಣ್ಣೇ ಕರಗಿ ಹೊರಟಿದೆ ಎಂದರ್ಥ. ಆಮೇಲೆ ಕೋಡಿ. ಕೋಡಿಯ ಮೇಲೆ ಸಾಲಾಗಿ ನೆಟ್ಟ ಕಲ್ಲುಗಳ ಸಂದಿಗೆ ಮಣ್ಣು, ಹುಲ್ಲು ಮೆತ್ತಿ ಒಂದು ಗೇಣು ನೀರು ಹೆಚ್ಚಿಗೆ ನಿಲ್ಲಿಸುವ ರೂಢಿಯಿತ್ತು. ಮಳೆ ಬಿಡದಿದ್ದರೆ ಸೊಂಟಮಟ್ಟದ ನೀರಲ್ಲಿ ನಿಂತು ಅದನ್ನು ಕಿತ್ತು ದಾರಿ ಬಿಡಬೇಕು. ಅಷ್ಟರಲ್ಲಿ ತಳವಾರನಿಗೆ ಸುದ್ದಿ ಹೋಗಿ ಊರಲ್ಲಿ ಹಲಗೆ ಸದ್ದು:

“ಕೆರಿ ಕೋಡಿ ಬಿದ್ದೈತ್ರಪ್ಪೋ! ಹಳ್ಳದ ದಂಡಿ ಮನ್ಯಾರು ಮಕ್ಳುಮರಿ ಕರಕೊಂಡು ಗುಡಿ ಕಟ್ಟಿಗೆ ಬರ್ರಪ್ಪೋ!”

ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಯ ಕಡೆ ಬರವೆಂದರೆ ಎಲ್ಲರಿಗೂ ಗೊತ್ತು; ನೀರಿನ ಭಯವನ್ನು ಜನ ಬೇಗ ಮರೆಯುತ್ತಾರೆ. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆಯ ನಾಡು ಇದು. ಆದರೆ ಅದರಲ್ಲಿ ಐದನೇ ಒಂದು ಪಾಲು ಒಂದೇ ದಿನ ಸುರಿದರೆ ಒಣಹಳ್ಳ ಗಳಿಗೆಯಲ್ಲಿ ಹೊಳೆಯಾಗುತ್ತದೆ. ಹಡಗಲಿಯ ಮಾತು ಬೇರೆ. ಅಲ್ಲಿ ಬಿಸಿಲು ಕಾಯುತ್ತಿರುವಾಗಲೂ ಮಲೆನಾಡಿನ ಮಳೆ ತುಂಗಭದ್ರೆಯಲ್ಲಿ ಇಳಿದು ಬಂದು ದಂಡೆ ಹತ್ತುತ್ತದೆ.

ಈ ಸೀಮೆಯೆಲ್ಲ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿಗೆ ಸೇರಿದ ಬಳ್ಳಾರಿ ಜಿಲ್ಲೆಯಲ್ಲಿತ್ತು. 1851ರ ಮೇ ತಿಂಗಳ ಬಿರುಗಾಳಿ ಮಳೆ ಜಿಲ್ಲೆಯ ಕೆರೆಗಳನ್ನು ಸಾಲುಸಾಲಾಗಿ ಒಡೆಯಿತು. ದರೋಜಿಯ ದೊಡ್ಡ ಕೆರೆಯೂ ಉಳಿಯಲಿಲ್ಲ. 1858ರಲ್ಲಿ ಮದ್ರಾಸ್ ಪ್ರಾಂತ್ಯಕ್ಕೆ ಒಂದು ಕಾಯ್ದೆ ಬಂತು. ಏರಿ ಒಡೆಯುವ ಅಪಾಯವಿದ್ದಾಗ ಸುತ್ತಲಿನ ದುಡಿಯುವ ವರ್ಗದ ಗಟ್ಟಿ ಗಂಡಾಳುಗಳನ್ನು ಕಡ್ಡಾಯವಾಗಿ ಕರೆಸಬಹುದು, ಬರದಿದ್ದರೆ ಶಿಕ್ಷೆ. ಗದ್ದೆ ಇದ್ದವರ ಬೆಳೆ ಉಳಿಸಲು ಗದ್ದೆ ಇಲ್ಲದವರು ನಡುರಾತ್ರಿ ಮಣ್ಣು ಹೊರಬೇಕಾಯಿತು. ಹಲಗೆ ಬಡಿದವರೂ ಅವರೇ. ಹಳೆಯ ಪದ್ಧತಿಯನ್ನು ಹೊಗಳುವಾಗ ಈ ಅನ್ಯಾಯವನ್ನು ನಾನು ಬಿಟ್ಟು ಹೇಳಲಾರೆ.

ಆದರೂ ಆ ಕೂಗಿನಲ್ಲಿ ಒಂದು ಗುಣವಿತ್ತು: ಯಾವ ದಂಡೆ, ಯಾರ ಮನೆ, ಎಲ್ಲಿಗೆ ಹೋಗಬೇಕು ಎಂಬುದೆಲ್ಲ ಅದರಲ್ಲೇ ಇತ್ತು. ಈಗ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಿದೆ. 1988ರಲ್ಲಿ ಬರದ ಮೇಲೆ ಕಣ್ಣಿಡಲು ಹುಟ್ಟಿದ ಸಂಸ್ಥೆ ಅದು. ಇಂದು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆ ಅಳೆಯುತ್ತದೆ. ಹವಾಮಾನ ಇಲಾಖೆ ಹಳದಿ, ಕಿತ್ತಳೆ, ಕೆಂಪು ಎಂದು ಎಚ್ಚರಿಸುತ್ತದೆ. ಇಷ್ಟು ಮುಂಚಿತವಾಗಿ ತಿಳಿಯುವ ಭಾಗ್ಯ ನಮ್ಮ ತಾತನಿಗಿರಲಿಲ್ಲ. ಆದರೆ ಕೆಲವು ವರ್ಷಗಳ ಹಿಂದೆ ನಾನು ಬಾಡಿಗೆಗಿದ್ದ ಪೇಟೆಯ ಓಣಿಗೆ ರಾತ್ರಿ ನೀರು ನುಗ್ಗಿದಾಗ ಫೋನಿಗೆ ಬಂದ ಎಚ್ಚರಿಕೆಯಲ್ಲಿ ಇದ್ದುದು ಜಿಲ್ಲೆಯ ಹೆಸರು ಮಾತ್ರ. ಹಿಟ್ಟಿನ ಡಬ್ಬಿ ಅಡುಗೆಮನೆಯಿಂದ ನಡುಮನೆಗೆ ತೇಲಿ ಬಂದಾಗಲೇ ನಮಗೆ ಎಚ್ಚರ. ಬೆಳಿಗ್ಗೆ ಓಣಿಯ ಹಿರಿಯರೊಬ್ಬರು ಹೇಳಿದರು, “ಇದು ಓಣಿ ಅಲ್ಲಪ್ಪ, ಕೆರಿಗೆ ಹೋಗೋ ಹಳ್ಳ ಇದ್ದದ್ದು.”

ಮಳೆಗಾಲಕ್ಕೆ ಮುಂಚೆ ನಿಮ್ಮ ಓಣಿಯ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂದು ಒಮ್ಮೆ ನಡೆದು ನೋಡಿ, ಹಿರಿಯರನ್ನು ಕೇಳಿ. ಎಚ್ಚರಿಕೆ ಬಂದ ರಾತ್ರಿ ತಗ್ಗಿನ ಮನೆಗಳ ಬಾಗಿಲು ಬಡಿಯಲು ಇಬ್ಬರನ್ನು ಈಗಲೇ ಗೊತ್ತುಮಾಡಿ. ಸೇತುವೆ ಮೇಲೆ ನೀರು ಹರಿಯುತ್ತಿದ್ದರೆ ಬೈಕು ಇಳಿಸಬೇಡಿ, ಎಷ್ಟೇ ಆಳ ಕಡಿಮೆ ಕಂಡರೂ. 112ಕ್ಕೆ ಕರೆ ಮಾಡಿ, ಈ ದಂಡೆಯಲ್ಲೇ ಕಾಯಿರಿ. ನಮ್ಮ ಹಳ್ಳಗಳು ಬಂದಷ್ಟೇ ಬೇಗ ಇಳಿಯುತ್ತವೆ.