ಮೇಸ್ತ್ರಿಯ ಹೆಸರು



ನಮ್ಮ ಸೀಮೆಯ ಚರಿತ್ರೆ ಅಂದರೆ ಮೊದಲು ಬಾಯಿಗೆ ಬರುವುದು ದುರ್ಗದ ಏಳು ಸುತ್ತಿನ ಕೋಟೆ, ಆಮೇಲೆ ಹಿರಿಯೂರಿನ ಮಾರಿಕಣಿವೆ. ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಶುರುವಾದ ಈ ಕಲ್ಲುಕಟ್ಟೆ 1907ಕ್ಕೆ ಮುಗಿಯಿತು. ಮಹಾರಾಣಿಯವರ ಹೆಸರಿನಿಂದ ವಾಣಿವಿಲಾಸ ಸಾಗರವಾಯಿತು. 1933ರಲ್ಲಿ ತುಂಬಿದ್ದು, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆಗ ನಾವೂ ನೋಡಲು ಹೋಗಿದ್ದೆವು. "ಎಂಥಾ ಕೆಲಸ ಮಾಡ್ಯಾರಪ್ಪಾ!" ಅಂದವರೇ ಎಲ್ಲ. ಕಲ್ಲು ಕಡಿದು ಕೂರಿಸಿದವರಲ್ಲಿ ಒಬ್ಬರ ಹೆಸರೂ ಯಾರ ಬಾಯಲ್ಲೂ ಬರಲಿಲ್ಲ.

ಸ್ವಂತಕ್ಕೆ ಕೆಲಸ ಹಿಡಿಯುವ ಮೇಸ್ತ್ರಿಗೆ ಹಾಗಾದರೆ ನಡೆಯುವುದಿಲ್ಲ. ಅವನಿಗೆ ಹೆಸರೇ ಬಂಡವಾಳ. ಮಣ್ಣಿನ ಮಾಳಿಗೆ ಕಾಲದಲ್ಲಿ ಒಂದು ಮಳೆಗಾಲ ಕಳೆದರೆ ಅವನ ಯೋಗ್ಯತೆ ಊರಿಗೇ ಗೊತ್ತಾಗುತ್ತಿತ್ತು. ಗೃಹಪ್ರವೇಶದ ದಿನ ಯಜಮಾನರು ಪಂಚೆ, ಶಲ್ಯ, ಎಲೆ ಅಡಿಕೆ ಕೊಟ್ಟು ಮೇಸ್ತ್ರಿಯನ್ನು ಮರ್ಯಾದೆ ಮಾಡುತ್ತಾರೆ. ಊಟಕ್ಕೆ ಬಂದ ಹೊಸದುರ್ಗದ ನೆಂಟರು ಗೋಡೆ ತಟ್ಟಿ "ಯಾರು ಕಟ್ಟಿದ್ದು?" ಅಂತ ಕೇಳಿದರೆ ಮುಂದಿನ ಕೆಲಸ ಅಲ್ಲೇ ಸಿಕ್ಕಂತೆ. ಈಗಿನ ಹುಡುಗರು ಫೋನಿನಲ್ಲಿ ಫೋಟೋ ತೋರಿಸುತ್ತಾರೆ. ಇರಲಿ, ಫೋಟೋದಲ್ಲಿ ಸೋರುವುದು ಕಾಣುವುದಿಲ್ಲ!

ನಮ್ಮ ಗೋದಾಮು ಕಟ್ಟಿದ ಮೇಸ್ತ್ರಿಯನ್ನು ಎಲ್ಲರೂ ಬಲ್ಲಿರಿ. ಒಂದು ವರ್ಷಕ್ಕೆ ಹಿಂದಿನ ಗೋಡೆ ಬಿರುಕು ಬಿಟ್ಟಿತು. ನಾವು ಹೇಳಿ ಕಳಿಸುವ ಮುಂಚೆಯೇ ಬಂದು, ಸ್ವಂತ ಖರ್ಚಿನಲ್ಲಿ ಒಡೆದು ಕಟ್ಟಿದ. ಗೊಬ್ಬರಕ್ಕೆ ಬಂದ ರೈತರು ಅದನ್ನು ಕಣ್ಣಾರೆ ಕಂಡರು. ಹೊಳಲ್ಕೆರೆ ಕಡೆ ಮೂರು ಮನೆ ಅವನಿಗೆ ಸಿಕ್ಕವು.

ಅದೇ ಮೇಸ್ತ್ರಿ ಕಾಂಕ್ರೀಟ್ ಮಿಷನ್ನಿಗೆ ಸಾಲ ಕೇಳಿದಾಗ ನಾವು ಪಹಣಿ ಕೇಳಿದೆವು. ಅವನಿಗೆ ಜಮೀನಿಲ್ಲ. ಬರಿಗೈಲಿ ಕಳಿಸಿದೆವು, ಹೊರಗೆ ಕೈಸಾಲ ಮಾಡಿದ. ಸರ್ಕಾರ 1996ರಲ್ಲಿ ಕಟ್ಟಡ ಕಾರ್ಮಿಕರಿಗೆ ಕಾನೂನು ಮಾಡಿದೆ, ಕಲ್ಯಾಣ ಮಂಡಳಿಯೂ ಇದೆ. ಆದರೆ ನೋಂದಣಿಗೆ ವರ್ಷದಲ್ಲಿ 90 ದಿನ ದುಡಿದ ದಾಖಲೆ ಬೇಕು. ಹತ್ತು ಮನೆಯಲ್ಲಿ ದುಡಿದವನು ಯಾವ ಯಜಮಾನರ ಹತ್ತಿರ ಬರೆಸಿಕೊಳ್ಳಬೇಕು? ನಾಲ್ಕು ತಾಲ್ಲೂಕಿನಲ್ಲಿ ಓಡಾಡುವ ಹೆಸರು ಕಾಗದಕ್ಕೆ ಮಾತ್ರ ಬರಲಿಲ್ಲ.

ಜಮೀನಿಲ್ಲದ ಕಸುಬುದಾರರಿಗೆ ಇಬ್ಬರು ಸದಸ್ಯರ ಜಾಮೀನಿನ ಮೇಲೆ ಸಾಲ ಕೊಡುವ ವಿಷಯವನ್ನು ಬರುವ ಮಹಾಸಭೆಯಲ್ಲಿ ಇಡುತ್ತೇವೆ. ಮೊದಲ ಜಾಮೀನಿಗೆ ನಾವೇ ಸಹಿ ಹಾಕುತ್ತೇವೆ. ಎರಡನೆಯವರು ಬೇಕು.